ಜಮೀನು ಅಳೆದವನ ಸಹಿಗೆ ಹೊಣೆ ಯಾರು? ಮಹಾರಾಷ್ಟ್ರದ ಲೈಸೆನ್ಸ್ ಸರ್ವೇಯರ್ ಪದ್ಧತಿ ಮತ್ತು ಪುಣೆ ಕನ್ನಡಿಗರು

ಮಹಾರಾಷ್ಟ್ರದಲ್ಲಿ ಅಧಿಕೃತವಾಗಿ ಜಮೀನು ಅಳೆಯುವುದು ಇಷ್ಟು ವರ್ಷ ಸರ್ಕಾರಿ ನೌಕರನ ಕೆಲಸವಾಗಿತ್ತು. ಭೂಮಿ ಅಭಿಲೇಖ (ಭೂ ದಾಖಲೆ) ಇಲಾಖೆಯ ಭೂಕರಮಾಪಕ, ಅಂದರೆ ಸರ್ಕಾರಿ ಸರ್ವೇಯರ್, ಬಂದು ಅಳೆದರೆ ಮಾತ್ರ ಅದು ‘ಮೋಜಣಿ’. ಉಳಿದವರು ಅಳೆದದ್ದಕ್ಕೆ ಕಚೇರಿಯಲ್ಲಿ ಬೆಲೆ ಇರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಕಂದಾಯ ಸಚಿವ ಚಂದ್ರಶೇಖರ ಬಾವನಕುಳೆ ಒಂದು ದೊಡ್ಡ ಬದಲಾವಣೆ ಘೋಷಿಸಿದರು. ಲೈಸೆನ್ಸ್ ಪಡೆದ ಖಾಸಗಿ ಸರ್ವೇಯರ್‌ಗಳೂ ಇನ್ನು ಮೋಜಣಿ ಮಾಡುತ್ತಾರೆ. ಇಲಾಖೆಯ ಅಧಿಕಾರಿ ಅದನ್ನು ಪರಿಶೀಲಿಸಿ ಪ್ರಮಾಣೀಕರಿಸುತ್ತಾರೆ. ತಿಂಗಳುಗಟ್ಟಲೆ ಎಳೆಯುತ್ತಿದ್ದ ಕೆಲಸ 30 ದಿನದಲ್ಲಿ ಮುಗಿಯಬೇಕು ಅನ್ನುವುದು ಗುರಿ.

ಆಗಿನಿಂದ ಮಾತೆಲ್ಲ ವೇಗದ ಬಗ್ಗೆಯೇ ನಡೆದಿದೆ. ಅದು ಸಹಜ. ಮೋಜಣಿಗೆ ಅರ್ಜಿ ಹಾಕಿ ಕಾದವರಿಗೆ ಆ ಕಾಯುವಿಕೆಯ ಕಷ್ಟ ಗೊತ್ತು. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದು ಹಿಂದೆ ಉಳಿದಿದೆ. ಲೈಸೆನ್ಸ್ ಕೊಡುವುದು ಸುಲಭ. ಅಳತೆ ತಪ್ಪಾದಾಗ, ಅಥವಾ ಬೇಕಂತಲೇ ತಪ್ಪು ಮಾಡಿದಾಗ, ಆ ಲೈಸೆನ್ಸ್ ಕಿತ್ತುಕೊಳ್ಳುವವರು ಯಾರು? ದೂರು ಎಲ್ಲಿ ಕೊಡಬೇಕು? ವಿಚಾರಣೆಯಲ್ಲಿ ಏನಾಯಿತು ಅಂತ ದೂರು ಕೊಟ್ಟವನಿಗೆ ತಿಳಿಯುತ್ತದಾ? ಮುಂದಿನ ಗಿರಾಕಿಗೆ ತಿಳಿಯುತ್ತದಾ? ಇವಕ್ಕೆ ಸ್ಪಷ್ಟ ಉತ್ತರ ಇಲ್ಲದಿದ್ದರೆ ಲೈಸೆನ್ಸ್ ಅನ್ನುವುದು ಬರೀ ರಬ್ಬರ್ ಸ್ಟಾಂಪ್ ಆಗುತ್ತದೆ.

ಪುಣೆಯ ಕನ್ನಡಿಗರಿಗೆ ಇದು ದೂರದ ವಿಷಯ ಅಲ್ಲ. ಕರಾವಳಿಯಿಂದ ಬಂದು ಹೋಟೆಲ್ ನಡೆಸಿದವರು, ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವರು, ಹಿಂಜವಡಿಯ ಐಟಿ ಕಂಪನಿಗಳಲ್ಲಿ ದುಡಿಯುವವರು ಎಲ್ಲರೂ ಇಲ್ಲಿದ್ದಾರೆ. ಇವರಲ್ಲಿ ಹಲವರ ಉಳಿತಾಯ ಕೊನೆಗೆ ಹೋಗಿ ಸೇರುವುದು ವಾಘೋಲಿ, ಉರುಳಿ ಕಾಂಚನ್, ಚಾಕಣ್, ತಳೇಗಾಂವ್ ಸುತ್ತಲಿನ ಒಂದೋ ಎರಡೋ ಗುಂಟೆಗೆ. ಏಜೆಂಟ್ ತನ್ನದೇ ಸರ್ವೇಯರ್ ಕರೆತರುತ್ತಾನೆ. ಸುಣ್ಣದ ಗೆರೆ ಬೀಳುತ್ತದೆ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಬೀಳುತ್ತವೆ, ವಾಟ್ಸಾಪ್‌ಗೆ ಒಂದು ನಕ್ಷೆ ಬರುತ್ತದೆ. ಕಾಗದವೆಲ್ಲ ಮರಾಠಿಯಲ್ಲಿ. ಮಾತಾಡುವ ಮರಾಠಿ ಬಂದರೂ ಹಳೆಯ ಮೋಡಿ ಲಿಪಿಯ ಕಾಲದ ಕಂದಾಯ ಪದಗಳು ಎಷ್ಟು ಜನಕ್ಕೆ ಅರ್ಥವಾಗುತ್ತವೆ? ಕಲ್ಲು ನೆಟ್ಟವನು ಯಾವ ಅಧಿಕಾರದಲ್ಲಿ ನೆಟ್ಟ ಅಂತ ಕೇಳುವವರು ಕಡಿಮೆ.

ಒಂದು ಗುಂಟೆಯಲ್ಲಿ ತಪ್ಪಿಗೆ ಎಷ್ಟು ಬೆಲೆ

ಗುಂಟೆಯ ಲೆಕ್ಕ ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಒಂದೇ. 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಎಲ್ಲ ಮುಂಬೈ ಪ್ರಾಂತದಲ್ಲಿದ್ದ ಕಾಲದಿಂದ ಬಂದ ಅಳತೆ ಇದು. ಈಗ ಮೊಬೈಲ್ ಜಿಪಿಎಸ್ ಇಟ್ಟುಕೊಂಡು ಮೂಲೆ ಗುರುತಿಸುವವರನ್ನು ನೋಡಿ. ಸಾಧಾರಣ ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಮಾಮೂಲು. 3 ಮೀಟರ್ ತಪ್ಪು ಅಂತಲೇ ಇಟ್ಟುಕೊಳ್ಳಿ. ಅದು ಸುಮಾರು 10 ಅಡಿ. 33 ಅಡಿ ಉದ್ದದ ಬದಿಯಲ್ಲಿ 10 ಅಡಿ ಸರಿದರೆ 330 ಚದರ ಅಡಿ ಹೋಯಿತು. ಒಂದು ಗುಂಟೆ ಕೊಂಡವನ ಜಾಗದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಅದು. ಹತ್ತು ಎಕರೆ ಹೊಲದಲ್ಲಿ ಈ ತಪ್ಪು ಬದುವಿನ ಜಗಳ ಅಷ್ಟೇ. ಸಣ್ಣ ಜಾಗ ಕೊಂಡವನಿಗೆ ಅದು ಮನೆ ಕಟ್ಟಲು ಆಗುವುದೋ ಇಲ್ಲವೋ ಅನ್ನುವ ಪ್ರಶ್ನೆ.

ಹಾಗಾದರೆ ಒಳ್ಳೆಯ ಯಂತ್ರ ಇದ್ದರೆ ಸಾಕಾ? ಸಾಲದು. ಈಗ ಇಲಾಖೆಯ ಬಳಿಯೂ ಖಾಸಗಿಯವರ ಬಳಿಯೂ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಇದೆ, ಉಪಗ್ರಹ ಸಂಕೇತದಿಂದ ಕೆಲಸ ಮಾಡುವ ರೋವರ್ ಇದೆ. ರೋವರ್ ಸರಿಯಾಗಿ ಬಳಸಿದರೆ ಕೆಲವೇ ಸೆಂಟಿಮೀಟರ್ ಒಳಗೆ ಉತ್ತರ ಕೊಡುತ್ತದೆ. ಆದರೆ ಯಂತ್ರ ಹೇಳುವುದು ಈ ಕಲ್ಲು ಎಲ್ಲಿದೆ ಅಂತ. ಈ ಕಲ್ಲು ಇಲ್ಲಿರಬೇಕಿತ್ತಾ ಅಂತ ಅದು ಹೇಳುವುದಿಲ್ಲ. ಅದನ್ನು ಹೇಳಲು ಹಿಂದಿನ ಸರ್ವೇಯಲ್ಲಿ ಬರೆದಿಟ್ಟ ಹಳೆಯ ಅಳತೆ ಟಿಪ್ಪಣಿ ತೆಗೆಯಬೇಕು. ಗ್ರಾಮ ನಕ್ಷೆ, ಗಟ್ (ಸರ್ವೇ ನಂಬರಿನಂಥ ಘಟಕ) ನಕ್ಷೆ, ಹಿಸ್ಸಾ (ಪಾಲು) ನಕ್ಷೆ ತಾಳೆ ಹಾಕಬೇಕು. ಊರಿನ ಹಳೆಯ ಹದ್ದಿನ ಕಲ್ಲು ಎಲ್ಲಿ ಉಳಿದಿದೆ ಅಂತ ಹುಡುಕಬೇಕು. ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಅವರ ಎದುರು ಅಳೆಯಬೇಕು. ಸರ್ವೇಯರ್‌ನ ನಿಜವಾದ ಕಸುಬು ಇಲ್ಲಿದೆ. ಮೋಸಕ್ಕೂ ಜಾಸ್ತಿ ಅವಕಾಶ ಇರುವುದು ಇಲ್ಲೇ. ಯಾವ ಕಲ್ಲನ್ನು ಆಧಾರ ಅಂತ ಹಿಡಿದೆ ಅನ್ನುವುದನ್ನು ಬದಲಿಸಿದರೆ ಸಾಕು, ಇಡೀ ಗೆರೆ ಒಂದು ಕಡೆ ಸರಿಯುತ್ತದೆ. ನಕ್ಷೆ ನೋಡಿದವನಿಗೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಸಾತ್‌ಬಾರಾದಲ್ಲಿ (ನಮ್ಮ ಪಹಣಿಯಂಥ 7/12 ದಾಖಲೆ) ಹತ್ತು ಜನರ ಹೆಸರಿದ್ದು, ಜಾಗ ಪಾಲಾಗಿಲ್ಲ, ಪೋಟ್ ಹಿಸ್ಸಾ (ಒಳವಿಭಾಗ) ಆಗಿಲ್ಲ ಅಂದರೆ ನೀವು ಕೊಂಡಿರುವುದು ಹಂಚಿಕೆಯಾಗದ ಜಮೀನಿನಲ್ಲಿ ಒಂದು ಪಾಲು. ಅದರೊಳಗೆ ‘ಇದು ನಿಮ್ಮ ಮೂಲೆ’ ಅಂತ ಯಾರೇ ಕಲ್ಲು ನೆಟ್ಟರೂ, ಎಂಥ ಯಂತ್ರದಿಂದ ಅಳೆದರೂ, ಆ ಗೆರೆ ಉಳಿದ ಪಾಲುದಾರರನ್ನು ಕಟ್ಟಿಹಾಕುವುದಿಲ್ಲ. ಪ್ರಾಮಾಣಿಕ ಸರ್ವೇಯರ್ ಇದನ್ನು ಮೊದಲೇ ಹೇಳುತ್ತಾನೆ. ಹೇಳದೆ ಸುಮ್ನೆ ಕಲ್ಲು ನೆಟ್ಟು ದುಡ್ಡು ತೆಗೆದುಕೊಂಡರೆ ಅದು ತಪ್ಪಾ? ನನಗೆ ಅದು ದೊಡ್ಡ ತಪ್ಪೇ. ಆದರೆ ಇವತ್ತು ಅದನ್ನು ವೃತ್ತಿಯ ತಪ್ಪು ಅಂತ ವಿಚಾರಿಸುವ ಕಟ್ಟೆ ನಮ್ಮಲ್ಲಿಲ್ಲ.

ಸರ್ಕಾರಿ ಅಳತೆಗೆ ಈಗ ಇರುವ ಹಿಡಿತ

ಸರ್ಕಾರಿ ಸರ್ವೇಯರ್ ತಪ್ಪು ಮಾಡಿದರೆ ಏನು ದಾರಿ ಅಂತ ನೋಡೋಣ. ದಾರಿ ಇವೆ. ಬೇರೆ ಬೇರೆ ಮೂಲೆಯಲ್ಲಿ ಇವೆ.

ಅಳತೆಯೇ ಒಪ್ಪಿಗೆ ಇಲ್ಲ ಅಂದರೆ ‘ನಿಮತಾನಾ ಮೋಜಣಿ’ ಕೇಳಬಹುದು. ಮೊದಲ ಅಳತೆಯನ್ನು ಮೇಲಿನ ಅಧಿಕಾರಿ ಮತ್ತೆ ಅಳೆದು ನೋಡುವ ಪದ್ಧತಿ ಇದು. ತಾಲೂಕಿನ ಉಪ ಅಧೀಕ್ಷಕರ ಮಟ್ಟದಲ್ಲಿ ಇದು ನಡೆಯುತ್ತದೆ. ಅದೂ ಸರಿ ಕಾಣದಿದ್ದರೆ ಜಿಲ್ಲಾ ಅಧೀಕ್ಷಕರ ‘ಸೂಪರ್ ನಿಮತಾನಾ’ ಇದೆ. ಆಮೇಲೆ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ ಪ್ರಕಾರ ಮೇಲ್ಮನವಿ, ಇಲ್ಲವೇ ಸಿವಿಲ್ ಕೋರ್ಟು. ಕೋರ್ಟಿನಲ್ಲಿ ಒತ್ತುವರಿ ದಾವೆ ಬಂದಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಡಿ ಕಮಿಷನರ್ ನೇಮಿಸಿ ಸ್ಥಳ ಅಳೆಸುವುದುಂಟು.

ಕೆಲಸ ತಡವಾದರೆ 2015ರ ಮಹಾರಾಷ್ಟ್ರ ಸೇವಾ ಹಕ್ಕು ಕಾಯ್ದೆ ಇದೆ. ಗಡುವು ಮೀರಿದ ಅಧಿಕಾರಿಗೆ 500ರಿಂದ 5,000 ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶ ಇದೆ. ಲಂಚ ಕೇಳಿದರೆ ಭ್ರಷ್ಟಾಚಾರ ನಿಗ್ರಹ ದಳ, 1064ಕ್ಕೆ ಫೋನ್.

ಇನ್ನು ನೌಕರನ ಶಿಸ್ತು. ಅದಕ್ಕೆ 1979ರ ಮಹಾರಾಷ್ಟ್ರ ನಾಗರಿಕ ಸೇವಾ (ಶಿಸ್ತು ಮತ್ತು ಮೇಲ್ಮನವಿ) ನಿಯಮಗಳಿವೆ. ಛೀಮಾರಿ, ಬಡ್ತಿ ತಡೆ, ವೇತನ ಬಡ್ತಿ ತಡೆ, ನಷ್ಟ ವಸೂಲಿ, ಕೆಳ ಹುದ್ದೆಗೆ ಇಳಿಸುವುದು, ಕಡ್ಡಾಯ ನಿವೃತ್ತಿ, ವಜಾ. ಪಟ್ಟಿ ದೊಡ್ಡದೇ. ಆದರೆ ಈ ಇಡೀ ವಿಚಾರಣೆ ಸರ್ಕಾರಕ್ಕೂ ಅದರ ನೌಕರನಿಗೂ ನಡುವಿನದು. ಜಾಗ ಕಳೆದುಕೊಂಡವನು ಅಲ್ಲಿ ಹೆಚ್ಚೆಂದರೆ ಸಾಕ್ಷಿ. ಶಿಕ್ಷೆ ಏನಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದರೂ ಸಿಗುವುದು ಕಷ್ಟ. ನೌಕರನ ಮೇಲಿನ ನೋಟಿಸ್, ಛೀಮಾರಿ, ಶಿಕ್ಷೆಯ ಆದೇಶ ಇವೆಲ್ಲ ವೈಯಕ್ತಿಕ ಮಾಹಿತಿ, ದೊಡ್ಡ ಸಾರ್ವಜನಿಕ ಹಿತ ತೋರಿಸದ ಹೊರತು ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಮಹಾರಾಷ್ಟ್ರದಿಂದ ಹೋದ ಪ್ರಕರಣವೇ ಅದು.

ಈ ಒಂದು ಅಂಶ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಏಕೆಂದರೆ ಖಾಸಗಿ ಸರ್ವೇಯರ್ ಬಂದಾಗ ಸರ್ಕಾರಿ ಶಿಸ್ತಿನ ಇದೇ ಮುಚ್ಚಿದ ಅಭ್ಯಾಸ ಅಲ್ಲಿಗೂ ಹೋಗುವ ಅಪಾಯ ಇದೆ. ಸರ್ಕಾರಿ ನೌಕರನನ್ನು ನಾವು ಆರಿಸಿಕೊಳ್ಳುವುದಿಲ್ಲ. ಕಚೇರಿ ಯಾರನ್ನು ಕಳಿಸುತ್ತದೋ ಅವರು ಬರುತ್ತಾರೆ. ಖಾಸಗಿ ಸರ್ವೇಯರ್‌ನನ್ನು ಜನ ದುಡ್ಡು ಕೊಟ್ಟು ಆರಿಸಿಕೊಳ್ಳುತ್ತಾರೆ. ಆರಿಸುವವನಿಗೆ ಅವನ ಹಿಂದಿನ ದಾಖಲೆ ಗೊತ್ತಿರಬೇಕು, ಅಲ್ವಾ?

ಇಂದಾಪುರದ ಹಳೆಯ ಪಾಠ

ಅಳತೆಯ ಮೇಲೆ ನಿಗಾ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪುಣೆ ಜಿಲ್ಲೆಯೇ ಹಳೆಯ ಉದಾಹರಣೆ ಕೊಟ್ಟಿದೆ. ಪೇಶ್ವೆ ಆಡಳಿತ ಮುಗಿದ ಮೇಲೆ ಕಂಪನಿ ಸರ್ಕಾರದ ಅಧಿಕಾರಿ ಪ್ರಿಂಗಲ್ 1820ರ ದಶಕದ ಕೊನೆಯಲ್ಲಿ ಇಲ್ಲಿ ಹೊಲಗಳನ್ನು ಅಳೆಸಿದ. ನಿವ್ವಳ ಫಸಲಿನ ನೂರಕ್ಕೆ 55 ಪಾಲು ಕಂದಾಯ ಅಂತ ಲೆಕ್ಕ ಹಾಕಿದ. ಕಾಗದದ ಮೇಲೆ ಲೆಕ್ಕ ಅಚ್ಚುಕಟ್ಟಾಗಿತ್ತು. ನೆಲದ ಮೇಲೆ ಅಳತೆಗಳೇ ತಪ್ಪಾಗಿದ್ದವು, ಫಸಲಿನ ಅಂದಾಜೂ ತಪ್ಪಾಗಿತ್ತು. ಇಲ್ಲದ ಹೊಲಕ್ಕೆ, ಬೆಳೆಯದ ಫಸಲಿಗೆ ರೈತ ತೆರಿಗೆ ಕಟ್ಟಬೇಕಾಯಿತು. ಜನ ಊರು ಬಿಟ್ಟು ಪಕ್ಕದ ಸಂಸ್ಥಾನಗಳಿಗೆ ಹೋದರು. ಜಮೀನು ಬೀಳು ಬಿತ್ತು.

1835ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಇಂದಾಪುರ ತಾಲೂಕಿನಿಂದ ಕೆಲಸ ಮತ್ತೆ ಶುರು ಮಾಡಿದರು. ಅವರು ತಂದ ಬದಲಾವಣೆಗಳಲ್ಲಿ ಕಂದಾಯ ಇಳಿಸಿದ್ದು, 30 ವರ್ಷಕ್ಕೆ ಅದನ್ನು ಖಾಯಂ ಮಾಡಿದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಹೇಳದ ಸಂಗತಿ ಇನ್ನೊಂದಿದೆ. ಅಳೆದವನ ಕೆಲಸವನ್ನು ಮೇಲಿನವನು ಹೊಲಕ್ಕೇ ಹೋಗಿ ಪರೀಕ್ಷಿಸುವುದು ಈ ಪದ್ಧತಿಯ ಭಾಗವಾಯಿತು. 1847ರ ಅವರ ಜಂಟಿ ವರದಿಯ ನಿಯಮಗಳು ಮುಂದೆ ಮುಂಬೈ ಪ್ರಾಂತದ ಉದ್ದಗಲಕ್ಕೆ ಹೋದವು. ಧಾರವಾಡ, ಬೆಳಗಾವಿಯ ಹೊಲಗಳೂ ಅದೇ ಪದ್ಧತಿಯಲ್ಲಿ ಅಳೆಯಲ್ಪಟ್ಟವು. ಇವತ್ತಿನ ನಿಮತಾನಾ ಹಿಂದೆ ಇರುವುದೂ ಇದೇ ತಿಳಿವಳಿಕೆ. ಅಳೆಯುವವನು ಎಷ್ಟೇ ಒಳ್ಳೆಯವನಿರಲಿ, ಅವನ ಅಳತೆಯನ್ನು ಇನ್ನೊಬ್ಬ ನೋಡಬೇಕು.

ವಕೀಲರಿಗಿದೆ, ಆರ್ಕಿಟೆಕ್ಟ್‌ಗಿದೆ, ಇವರಿಗಿಲ್ಲ

ವಕೀಲ ದುರ್ನಡತೆ ತೋರಿದರೆ 1961ರ ವಕೀಲರ ಕಾಯ್ದೆಯಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಹೋಗುತ್ತದೆ. ಆರ್ಕಿಟೆಕ್ಟ್ ಆದರೆ 1972ರ ಕಾಯ್ದೆಯ ಪರಿಷತ್ತು. ಲೆಕ್ಕಪರಿಶೋಧಕ ಆದರೆ 1949ರ ಕಾಯ್ದೆ. ಭೂಮಿ ಅಳೆಯುವವರಿಗೆ ಇಂಥ ಅಖಿಲ ಭಾರತ ಕಾಯ್ದೆ ಇಲ್ಲ, ಪರಿಷತ್ತೂ ಇಲ್ಲ. ಭೂಮಿ ರಾಜ್ಯದ ವಿಷಯ, ಆದ್ದರಿಂದ ಒಂದೊಂದು ರಾಜ್ಯಕ್ಕೆ ಒಂದೊಂದು ವ್ಯವಸ್ಥೆ.

ಮುಂಬೈಯಲ್ಲಿ ‘ಲೈಸೆನ್ಸ್ಡ್ ಸರ್ವೇಯರ್’ ಅನ್ನುವ ಬೋರ್ಡು ಬಹಳ ಹಳೆಯದು. ಆದರೆ ಅವರು 1888ರ ಮುಂಬೈ ಮಹಾನಗರ ಪಾಲಿಕೆ ಕಾಯ್ದೆಯ 355ನೇ ಕಲಮಿನಡಿ ಪಾಲಿಕೆಯಿಂದ ಲೈಸೆನ್ಸ್ ಪಡೆದವರು. ಕಟ್ಟಡದ ಪ್ಲಾನ್ ಮಾಡಿ ಪಾಲಿಕೆಗೆ ಸಲ್ಲಿಸುವುದು ಅವರ ಕೆಲಸ. ಕಂದಾಯ ಜಮೀನಿನ ಗಡಿ ಗುರುತಿಸುವ ಅಧಿಕಾರ ಆ ಲೈಸೆನ್ಸಿನಿಂದ ಬರುವುದಿಲ್ಲ. ಕರ್ಜತ್ ಅಥವಾ ಶಹಾಪುರದಲ್ಲಿ ಜಾಗ ಕೊಳ್ಳುವ ಮುಂಬೈ ಕನ್ನಡಿಗರು ಇದನ್ನು ಗಮನಿಸಬೇಕು.

2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ಮತ್ತು ಸರ್ವೇ ಕೆಲಸದ ಮೇಲಿದ್ದ ಹಳೆಯ ನಿರ್ಬಂಧಗಳನ್ನು ತೆಗೆಯಿತು. ಭಾರತದ ಕಂಪನಿಗಳು, ವ್ಯಕ್ತಿಗಳು ಮುಂಚಿತ ಅನುಮತಿ ಇಲ್ಲದೆ ಸರ್ವೇ ಮಾಡಬಹುದು, ನಕ್ಷೆ ತಯಾರಿಸಬಹುದು. ರಸ್ತೆ, ಕಾಲುವೆ, ನಗರ ಯೋಜನೆಗೆ ಇದು ಒಳ್ಳೆಯದೇ. ಆದರೆ ಇದರಿಂದ ಒಂದು ತಪ್ಪು ನಂಬಿಕೆಯೂ ಹುಟ್ಟಿದೆ. ಡ್ರೋನ್ ಇದ್ದವರೆಲ್ಲ, ರೋವರ್ ಬಾಡಿಗೆಗೆ ತಂದವರೆಲ್ಲ ಗಡಿ ನಿಗದಿ ಮಾಡಬಹುದು ಅನ್ನುವ ಭಾವನೆ. ನಕ್ಷೆ ಮಾಡುವ ಸ್ವಾತಂತ್ರ್ಯ ಬೇರೆ, ಇಬ್ಬರ ನಡುವೆ ಗಡಿ ಹೇಳುವ ಅಧಿಕಾರ ಬೇರೆ.

ಹೊರಗೆ ನೋಡಿದರೆ, ಪಕ್ಕದ ಶ್ರೀಲಂಕಾದಲ್ಲೇ 2002ರ ಸರ್ವೇ ಕಾಯ್ದೆಯಡಿ ಭೂ ಸರ್ವೇ ಪರಿಷತ್ತು ಇದೆ. ಸರ್ವೇಯರ್‌ಗಳ ನೋಂದಣಿ, ಲೈಸೆನ್ಸ್, ಶಿಸ್ತು ಅದರ ಕೈಯಲ್ಲಿ. ನ್ಯೂಜಿಲೆಂಡಿನಲ್ಲೂ 2002ರ ಕಾಯ್ದೆಯ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಮಂಡಳಿ ಇದೆ. ಅಲ್ಲಿ ಗಡಿ ಅಳೆಯುವವನ ಲೈಸೆನ್ಸ್ ಒಂದು ವರ್ಷಕ್ಕೆ ಮಾತ್ರ. ಪ್ರತಿ ವರ್ಷ ನವೀಕರಿಸಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ನಿಯಮ ನನಗೆ ಇನ್ನೂ ಇಷ್ಟ. ಅಲ್ಲಿ ಸರ್ವೇಯರ್ ಗಡಿ ಗುರುತು ನೆಟ್ಟರೆ, ಕಾನೂನು ಹೇಳಿದ ಸಂದರ್ಭಗಳಲ್ಲಿ ಆ ಅಳತೆಯ ದಾಖಲೆಯನ್ನು 90 ದಿನದೊಳಗೆ ಕೌಂಟಿ (ಜಿಲ್ಲೆಯಂಥ ಆಡಳಿತ ವಿಭಾಗ) ಕಚೇರಿಗೆ ಸಲ್ಲಿಸಬೇಕು. ಸಲ್ಲಿಸದೇ ಇರುವುದೇ ಒಂದು ತಪ್ಪು. ಅಳತೆ ಸರಿಯಾಗಿದ್ದರೂ ತಪ್ಪು. ಶಿಸ್ತು ಕ್ರಮ ಆದವರ ವಿವರವನ್ನು ರಾಜ್ಯ ಮಂಡಳಿ ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ಇದರ ಹಿಂದಿನ ಯೋಚನೆ ನೋಡಿ. ನೆಲದಲ್ಲಿ ನೆಟ್ಟ ಕಲ್ಲಿಗೂ ಕಚೇರಿಯ ಕಾಗದಕ್ಕೂ ಕೊಂಡಿ ತಪ್ಪಬಾರದು. ಕಲ್ಲು ಮಾತ್ರ ಇದ್ದು ಕಾಗದ ಇಲ್ಲದಿದ್ದರೆ, ಆ ಕಲ್ಲು ಯಾಕೆ ಅಲ್ಲಿದೆ ಅಂತ ಇಪ್ಪತ್ತು ವರ್ಷದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಕರ್ನಾಟಕದ ಅನುಭವ ಏನು ಹೇಳುತ್ತದೆ

ಊರಿನಲ್ಲಿ ಜಮೀನು ವ್ಯವಹಾರ ಮಾಡಿದ ಕನ್ನಡಿಗರಿಗೆ ಲೈಸೆನ್ಸ್ ಸರ್ವೇಯರ್ ಹೊಸಬನಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 18-ಎ ಕಲಮಿನಡಿ ಅವರಿಗೆ ಲೈಸೆನ್ಸ್ ಕೊಡುತ್ತಾರೆ. ಸರ್ವೇ ನಂಬರಿನ ಒಂದು ಭಾಗ ಮಾರಬೇಕಾದರೆ ಮೊದಲು 11-ಇ ನಕ್ಷೆ ಬೇಕು. ಆಮೇಲೆ ನೋಂದಣಿ, ಆಮೇಲೆ ಖಾತೆ ಬದಲಾವಣೆ. ಈ ನಕ್ಷೆಗಳ ದೊಡ್ಡ ಭಾಗ ಲೈಸೆನ್ಸ್ ಸರ್ವೇಯರ್‌ಗಳ ಕೈಯಿಂದಲೇ ಬರುತ್ತದೆ. ಇಲಾಖೆಯವರು ನೋಡಿ ಅನುಮೋದಿಸುತ್ತಾರೆ. ತೆಲಂಗಾಣವೂ 2025ರಲ್ಲಿ ಸಾವಿರಾರು ಜನರಿಗೆ ತರಬೇತಿ ಕೊಟ್ಟು ಲೈಸೆನ್ಸ್ ಹಂಚಿದೆ.

ಇಲ್ಲಿ ಒಂದು ಎಚ್ಚರಿಕೆ. ಊರಿನ ಅಭ್ಯಾಸದಿಂದ ಕೆಲವರು ‘ರಿಜಿಸ್ಟರ್ ಆಯಿತು ಅಂದರೆ ನಕ್ಷೆ ಸರಿಯಿದ್ದೇ ಇರುತ್ತದೆ’ ಅಂತ ಪುಣೆಯಲ್ಲೂ ನಂಬಿಬಿಡುತ್ತಾರೆ. ಮಹಾರಾಷ್ಟ್ರದಲ್ಲಿ ಹಾಗೆ ಇರಲಿಲ್ಲ. ನೋಂದಣಿ ಕಚೇರಿ ದಸ್ತಾವೇಜು ನೋಡುತ್ತದೆ, ಚತುಸ್ಸೀಮೆ ಬರೆದಿದೆಯಾ ನೋಡುತ್ತದೆ. ಹೊಲಕ್ಕೆ ಹೋಗಿ ಅಳೆಯುವುದಿಲ್ಲ. ‘ಮೊದಲು ಮೋಜಣಿ, ಆಮೇಲೆ ಖರೀದಿ ಪತ್ರ, ಆಮೇಲೆ ಫೇರ್‌ಫಾರ್ (ಖಾತೆ ಬದಲಾವಣೆ)’ ಅನ್ನುವ ಕ್ರಮ ತರುವ ಮಾತನ್ನು ಸರ್ಕಾರ 2025ರಲ್ಲಷ್ಟೇ ಆಡಿದೆ. ಆ ಕ್ರಮ ಬಂದರೆ ಪ್ರತಿ ಖರೀದಿಗೂ ಸರ್ವೇಯರ್ ಬೇಕು. ಲೈಸೆನ್ಸ್ ಪದ್ಧತಿಯ ಅಗತ್ಯ ಅಲ್ಲಿಂದಲೇ ಹುಟ್ಟುತ್ತದೆ. ಜಮೀನನ್ನು ಸಣ್ಣ ತುಂಡು ಮಾಡಿ ಮಾರುವುದನ್ನು ತಡೆಯುವ ತುಂಡು ಜಮೀನು ಕಾಯ್ದೆ ಸಡಿಲಿಸಿ ಒಂದು ಗುಂಟೆವರೆಗಿನ ಹಳೆಯ ವ್ಯವಹಾರ ಸಕ್ರಮ ಮಾಡುವ ಹೆಜ್ಜೆಯೂ ಅದೇ ವರ್ಷ ಬಂತು. ಅಂದರೆ ಸಣ್ಣ ಸಣ್ಣ ತುಂಡುಗಳ ಮೋಜಣಿ ಇನ್ನು ಮುಂದೆ ಜಾಸ್ತಿಯಾಗುತ್ತದೆ. ತಪ್ಪಿಗೆ ಬೆಲೆ ದೊಡ್ಡದಾಗಿರುವ ಜಾಗದಲ್ಲೇ ಕೆಲಸದ ಒತ್ತಡ ಏರುತ್ತದೆ.

ಕರ್ನಾಟಕದ ಪದ್ಧತಿಯಿಂದ ನಾನು ಕಲಿಯಬೇಕು ಅನ್ನುವುದು ಹಣದ ವಿಷಯ. ಕಡತಕ್ಕೆ ಇಷ್ಟು ಅಂತ ಕೂಲಿ ಸಿಕ್ಕರೆ ದಿನಕ್ಕೆ ಎಷ್ಟು ಕಡತ ಮುಗಿಸಿದೆ ಅನ್ನುವುದೇ ಮುಖ್ಯವಾಗುತ್ತದೆ. ಹಳೆಯ ಟಿಪ್ಪಣಿ ಹುಡುಕಲು ಅರ್ಧ ದಿನ ಕಳೆದ ಸರ್ವೇಯರ್‌ಗೆ ನಷ್ಟ, ಹುಡುಕದೆ ಇದ್ದ ಬೇಲಿಗೇ ಗೆರೆ ಎಳೆದವನಿಗೆ ಲಾಭ. ಕೂಲಿ ತೀರಾ ಕಡಿಮೆ ಇದ್ದರೆ ಮೇಲೆ ಕೈಬಿಸಿ ಕೇಳುವ ಚಾಳಿಯೂ ಬೆಳೆಯುತ್ತದೆ. ಶಿಸ್ತಿನ ನಿಯಮ ಎಷ್ಟೇ ಬಿಗಿ ಮಾಡಿದರೂ, ಪ್ರಾಮಾಣಿಕವಾಗಿ ಅಳೆದವನ ಹೊಟ್ಟೆ ತುಂಬದ ದರ ಇಟ್ಟರೆ ಆ ನಿಯಮ ನಿಲ್ಲುವುದಿಲ್ಲ.

ಶಿಸ್ತಿನ ನಿಯಮದಲ್ಲಿ ಏನಿರಬೇಕು

ಮೊದಲನೆಯದು ಸಹಿ. ಲೈಸೆನ್ಸ್ ಒಬ್ಬನದು, ಹೊಲಕ್ಕೆ ಹೋಗುವ ಹುಡುಗ ಇನ್ನೊಬ್ಬ. ಈ ಚಾಳಿ ಜಗತ್ತಿನ ಎಲ್ಲ ಕಡೆ ಇದೆ. ಎಲ್ಲ ಕಡೆ ಶಿಸ್ತು ಮಂಡಳಿಗಳು ಅದನ್ನು ದೊಡ್ಡ ತಪ್ಪು ಅಂತ ನೋಡುತ್ತವೆ. ಸಹಾಯಕರು ಇರಲಿ. ಆದರೆ ಆಧಾರ ಕಲ್ಲು ಯಾವುದು ಅಂತ ತೀರ್ಮಾನಿಸಿದವನು, ಸಹಿ ಮಾಡಿದವನು ಒಬ್ಬನೇ ಆಗಿರಬೇಕು. ಸ್ಥಳದಲ್ಲಿ ಇದ್ದೆ ಅನ್ನುವುದಕ್ಕೆ ಯಂತ್ರದ ದಾಖಲೆಯೇ ಸಾಕ್ಷಿ ಹೇಳಬಲ್ಲದು. ಯಾವ ದಿನ, ಯಾವ ಹೊತ್ತಿಗೆ, ಯಾವ ಬಿಂದು ಅಳೆದರು ಅನ್ನುವುದು ರೋವರ್‌ನಲ್ಲಿ ಉಳಿಯುತ್ತದೆ.

ಇಲ್ಲೇ ಒಂದು ಕಷ್ಟದ ಪ್ರಶ್ನೆ ಬರುತ್ತದೆ. ಖಾಸಗಿ ಸರ್ವೇಯರ್ ಅಳೆಯುತ್ತಾನೆ, ಉಪ ಅಧೀಕ್ಷಕರು ಪ್ರಮಾಣೀಕರಿಸುತ್ತಾರೆ. ತಪ್ಪಾದರೆ? ‘ಸಾಹೇಬರು ಪಾಸ್ ಮಾಡಿದ್ದಾರೆ’ ಅಂತ ಇವನು, ‘ಅಳೆದವನು ಅವನು’ ಅಂತ ಅವರು. ಎರಡು ಸಹಿ ಇದ್ದ ಕಡೆ ಹೊಣೆ ಎರಡು ಪಟ್ಟು ಆಗಬೇಕು. ಹಾಗಾಗಬೇಕಾದರೆ ನಿಯಮದಲ್ಲಿ ಬಿಡಿಸಿ ಬರೆದಿರಬೇಕು. ನೆಲದ ಅಳತೆಗೆ, ಆಧಾರ ಆರಿಸಿದ್ದಕ್ಕೆ, ನೆರೆಯವರಿಗೆ ನೋಟಿಸ್ ಮುಟ್ಟಿಸಿದ್ದಕ್ಕೆ ಸರ್ವೇಯರ್ ಹೊಣೆ. ಹಳೆಯ ದಾಖಲೆ ಪೂರ್ತಿ ಕೊಟ್ಟಿದ್ದಕ್ಕೆ, ತಾಳೆ ನೋಡಿದ್ದಕ್ಕೆ ಅಧಿಕಾರಿ ಹೊಣೆ. ಅಧಿಕಾರಿ ಕುರ್ಚಿಯಲ್ಲಿ ಕೂತು ಪ್ರಮಾಣೀಕರಿಸಿದರೆ ಅದು ಪರಿಶೀಲನೆ ಅಲ್ಲ. ಎಲ್ಲ ಕಡತಕ್ಕೂ ಹೊಲಕ್ಕೆ ಹೋಗಲು ಆಗದು ನಿಜ. ಯಾವುದು ಅಂತ ಮೊದಲೇ ಗೊತ್ತಾಗದಂತೆ ಕೆಲವನ್ನು ಆರಿಸಿ ಮತ್ತೆ ಅಳೆಯಬೇಕು. ಇಂದಾಪುರದ ಪಾಠ ಅದೇ ತಾನೆ.

ಎರಡನೆಯದು ಹೊಲದ ಟಿಪ್ಪಣಿ. ಅಂತಿಮ ನಕ್ಷೆ ಮಾತ್ರ ಇಟ್ಟುಕೊಂಡರೆ ವಿಚಾರಣೆ ನಡೆಸಲು ಏನೂ ಇರುವುದಿಲ್ಲ. ಯಾವ ಕಲ್ಲಿನಿಂದ ಶುರು ಮಾಡಿದ, ಹಳೆಯ ಅಳತೆಗೂ ಹೊಸ ಅಳತೆಗೂ ಎಷ್ಟು ವ್ಯತ್ಯಾಸ ಬಂತು, ಅದನ್ನು ಹೇಗೆ ಹೊಂದಿಸಿದ, ಪಕ್ಕದವರು ಏನು ಆಕ್ಷೇಪ ಎತ್ತಿದರು, ಇವೆಲ್ಲ ಇಲಾಖೆಗೆ ಸಲ್ಲಿಕೆಯಾಗಬೇಕು. ಯಂತ್ರದ ಮೂಲ ಕಡತ ಸಹಿತ. ಇದು ಸರ್ವೇಯರ್‌ಗೂ ರಕ್ಷಣೆ. ಇಬ್ಬರು ಪ್ರಾಮಾಣಿಕ ಸರ್ವೇಯರ್‌ಗಳು ಒಂದೇ ಹೊಲದಲ್ಲಿ ಬೇರೆ ಬೇರೆ ಉತ್ತರಕ್ಕೆ ಬರಬಹುದು. ಹಳೆಯ ದಾಖಲೆ ಹರಿದಿರುತ್ತದೆ, ಕಲ್ಲು ಕಿತ್ತುಹೋಗಿರುತ್ತದೆ. ಅಂಥ ಕಡೆ ತಪ್ಪು ಅಭಿಪ್ರಾಯಕ್ಕೆ ಲೈಸೆನ್ಸ್ ಕಿತ್ತುಕೊಳ್ಳಬಾರದು. ದಾಖಲೆಯನ್ನೇ ನೋಡದೆ ಅಳೆದದ್ದು, ನೋಡಿಯೂ ಮುಚ್ಚಿಟ್ಟದ್ದು, ಪಕ್ಕದವರನ್ನು ಕರೆಯದೇ ಕರೆದೆ ಅಂತ ಬರೆದದ್ದು ಬೇರೆ ಮಾತು. ಈ ಎರಡರ ನಡುವೆ ಗೆರೆ ಎಳೆಯಲು ಹೊಲದ ಟಿಪ್ಪಣಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಹಿತಾಸಕ್ತಿಯ ವಿಷಯದಲ್ಲಿ ಸಡಿಲಿಕೆ ಬೇಡ. ಪ್ಲಾಟ್ ಮಾರುವವನ ಜೊತೆ ಪಾಲು ಇರುವ ಸರ್ವೇಯರ್, ಅಥವಾ ಅವನಿಂದಲೇ ವರ್ಷವಿಡೀ ಕೆಲಸ ಪಡೆಯುವವನು, ಅದೇ ಬಡಾವಣೆಯ ಗಡಿ ಹೇಳಬಾರದು. ಹೇಳಲೇಬೇಕಾದರೆ ಆ ಸಂಬಂಧವನ್ನು ನಕ್ಷೆಯ ಮೇಲೇ ಬರೆಯಬೇಕು. ನಿವೃತ್ತ ಭೂಕರಮಾಪಕರು ಲೈಸೆನ್ಸ್ ಪಡೆದರೆ ಅವರ ಅನುಭವ ಉಪಯೋಗಕ್ಕೆ ಬರುತ್ತದೆ, ಒಳ್ಳೆಯದೇ. ಆದರೆ ತಾವು ಕೆಲಸ ಮಾಡಿದ ತಾಲೂಕಿನಲ್ಲೇ, ತಮ್ಮ ಹಳೆಯ ಸಹೋದ್ಯೋಗಿಯ ಪ್ರಮಾಣೀಕರಣಕ್ಕೆ ನಕ್ಷೆ ಕಳಿಸುವುದನ್ನು ಕೆಲವು ವರ್ಷವಾದರೂ ತಡೆಯಬೇಕು.

ಕೊನೆಗೆ ವಿಚಾರಣೆ ನಡೆಸುವವರು ಯಾರು ಅನ್ನುವುದು. ಲೈಸೆನ್ಸ್ ಕೊಟ್ಟ ಇಲಾಖೆಯೇ, ಪ್ರಮಾಣೀಕರಿಸಿದ ಇಲಾಖೆಯೇ, ದೂರಿನ ಮೇಲೂ ಕೂತರೆ ತನ್ನ ತಪ್ಪನ್ನೂ ತಾನೇ ವಿಚಾರಿಸಿದಂತಾಗುತ್ತದೆ. ವಿಚಾರಣೆ ಇಲಾಖೆಯ ಮುಖ್ಯಸ್ಥರಾದ ಪುಣೆಯ ಜಮಾಬಂದಿ ಆಯುಕ್ತರ ಕಚೇರಿಯ ಅಡಿಯಲ್ಲೇ ಇರಲಿ, ಆದರೆ ಸಮಿತಿಯಲ್ಲಿ ಇಲಾಖೆಯ ಹೊರಗಿನವರು ಬೇಕು. ಒಬ್ಬ ಕಾನೂನು ಬಲ್ಲವರು, ಒಬ್ಬ ಹೊರಗಿನ ಸರ್ವೇ ತಜ್ಞರು. ದೂರು ಕೊಟ್ಟವನಿಗೆ ಆದೇಶದ ಪ್ರತಿ ಸಿಗಬೇಕು. ಸರ್ವೇಯರ್‌ಗೆ ನೋಟಿಸ್, ತನ್ನ ಮಾತು ಹೇಳುವ ಅವಕಾಶ, ಮೇಲ್ಮನವಿ ಎಲ್ಲ ಇರಬೇಕು. ಲೈಸೆನ್ಸ್ ಪಡೆದವರ ಪಟ್ಟಿ, ಅಮಾನತು ಆದವರ ಪಟ್ಟಿ, ಆದೇಶದ ಕಾರಣ ಮೋಜಣಿ ಅರ್ಜಿಯ ಇ-ಮೋಜಣಿ ಪೋರ್ಟಲ್‌ನಲ್ಲೇ ಎಲ್ಲರಿಗೂ ಕಾಣಬೇಕು. 2012ರ ತೀರ್ಪು ಸರ್ಕಾರಿ ನೌಕರ ಮತ್ತು ಅವನ ಮಾಲೀಕನ ನಡುವಿನ ಸಂಬಂಧದ ಬಗ್ಗೆ ಇತ್ತು. ಜನರಿಂದ ಶುಲ್ಕ ಪಡೆದು ಜನರ ಗಡಿ ಹೇಳುವವನಿಗೆ ಅದನ್ನು ಅಡ್ಡ ಇಡಲು ಕಾರಣ ಇಲ್ಲ ಅಂತ ನನ್ನ ಅಭಿಪ್ರಾಯ.

ಒಬ್ಬನ ಲೈಸೆನ್ಸ್ ರದ್ದಾದ ಮೇಲೆ ಅವನು ಹಿಂದೆ ಮಾಡಿದ ನಕ್ಷೆಗಳ ಗತಿ ಏನು? ಇದನ್ನು ಯಾರೂ ಕೇಳುತ್ತಿಲ್ಲ. ಆ ನಕ್ಷೆಗಳ ಆಧಾರದಲ್ಲಿ ಖರೀದಿ ಆಗಿರುತ್ತದೆ, ಸಾಲ ಸಿಕ್ಕಿರುತ್ತದೆ, ಮನೆ ಎದ್ದಿರುತ್ತದೆ. ಅವನ್ನೆಲ್ಲ ರದ್ದು ಮಾಡಲು ಆಗುವುದಿಲ್ಲ. ಆದರೆ ಅವನ ಉಳಿದ ಕಡತಗಳನ್ನು ಇಲಾಖೆ ತನ್ನ ಖರ್ಚಿನಲ್ಲಿ ಪರೀಕ್ಷಿಸಿ, ತೊಂದರೆ ಇರುವವರಿಗೆ ತಿಳಿಸಬೇಕು. ಲೈಸೆನ್ಸ್ ಕೊಡುವಾಗಲೇ ಠೇವಣಿ ಅಥವಾ ವಿಮೆ ಕಡ್ಡಾಯ ಮಾಡಿದರೆ ಆ ಖರ್ಚಿಗೂ, ನಷ್ಟಪರಿಹಾರಕ್ಕೂ ಒಂದು ದಾರಿ ಇರುತ್ತದೆ. ಶಿಸ್ತು ಸಮಿತಿ ಎಷ್ಟೇ ಒಳ್ಳೆಯದಿದ್ದರೂ ಕಳೆದುಹೋದ ಜಾಗ ವಾಪಸ್ ಕೊಡಿಸಲಾರದು. ಅದಕ್ಕೆ ಸಿವಿಲ್ ಕೋರ್ಟೇ ಬೇಕು. ಸ್ವಾಧೀನ ಕೇಳುವ ದಾವೆಗೆ 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಗಡುವು ಇದೆ ಅನ್ನುವುದನ್ನೂ ಮರೆಯಬಾರದು. ಊರಿನಲ್ಲಿದ್ದುಕೊಂಡು ಪುಣೆಯ ಪ್ಲಾಟಿನ ಕಡೆ ವರ್ಷಗಟ್ಟಲೆ ತಿರುಗಿ ನೋಡದವರು ಬಹಳ ಜನ ಇದ್ದಾರೆ.

ಈಗ ಜಾಗ ಕೊಳ್ಳುವವರು

ಏಜೆಂಟ್ ಕರೆತಂದ ಸರ್ವೇಯರ್‌ನ ನಕ್ಷೆಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಮಾರುವವನ ಹೆಸರಿನಲ್ಲೇ ಅಧಿಕೃತ ಮೋಜಣಿ ಆಗಲಿ ಅಂತ ಪಟ್ಟು ಹಿಡಿಯಿರಿ, ಮುಂಗಡ ಕೊಡುವ ಮೊದಲು. ಮೋಜಣಿ ಆದ ಮೇಲೆ ಕೈಗೆ ಬರುವ ನಕ್ಷೆಗೆ ‘ಕ ಪ್ರತ’ ಅನ್ನುತ್ತಾರೆ. ಅದರಲ್ಲಿ ದಾಖಲೆಯ ಗಡಿ ಯಾವುದು, ಈಗ ಅನುಭವದಲ್ಲಿರುವ ‘ವಹಿವಾಟಿ’ನ ಗಡಿ ಯಾವುದು ಅಂತ ನೋಡಿ. ಎರಡೂ ಬೇರೆ ಬೇರೆ ಗೆರೆಯಾಗಿದ್ದರೆ ಅಲ್ಲಿ ಜಗಳ ಇದೆ ಅಥವಾ ಮುಂದೆ ಬರುತ್ತದೆ ಅಂತ ಅರ್ಥ. ಅಳತೆಯ ದಿನ ನೀವೇ ಇರಿ. ನೋಟಿಸ್ ಪಡೆದ ನೆರೆಯವರು ಬಂದಿದ್ದಾರಾ, ಪಂಚನಾಮೆಯಲ್ಲಿ ಅವರ ಸಹಿ ಇದೆಯಾ ನೋಡಿ. ಮರಾಠಿ ಓದಲು ಬರದಿದ್ದರೆ ಓದಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಏಜೆಂಟ್ ಓದಿ ಹೇಳಿದ್ದು ಸಾಲದು.

ಲೈಸೆನ್ಸ್ ಇರುವ ಖಾಸಗಿ ಸರ್ವೇಯರ್ ಅಂತ ಯಾರಾದರೂ ಬಂದರೆ ಲೈಸೆನ್ಸ್ ಕೊಟ್ಟವರು ಯಾರು, ಯಾವ ಕಾಯ್ದೆಯಡಿ, ಯಾವ ದಿನದವರೆಗೆ ಚಾಲ್ತಿ ಅಂತ ಮೂರೂ ಕೇಳಿ. ಪಾಲಿಕೆಯ ಲೈಸೆನ್ಸ್ ತೋರಿಸಿದರೆ ಅದು ಗಡಿ ಅಳತೆಗೆ ಅಲ್ಲ. ನಂಬರನ್ನು ತಾಲೂಕಿನ ಭೂಮಿ ಅಭಿಲೇಖ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ರಸೀದಿ ಇದ್ದರೆ ಸೇವೆಯಲ್ಲಿ ಲೋಪ ಅಂತ ಗ್ರಾಹಕ ಆಯೋಗಕ್ಕಾದರೂ ಹೋಗಬಹುದು. ಅಳತೆ ಒಪ್ಪಿಗೆ ಇಲ್ಲ ಅಂದರೆ ಬಾಯಿ ಮಾತಿನಲ್ಲಿ ಜಗಳ ಆಡಬೇಡಿ. ಆಕ್ಷೇಪವನ್ನು ಅದೇ ದಿನ ಮರಾಠಿಯಲ್ಲಿ ಬರೆದು ಕಚೇರಿಗೆ ಕೊಡಿ, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ, ನಿಮತಾನಾ ಮೋಜಣಿಗೆ ಅರ್ಜಿ ಹಾಕಿ.